ಸಮೀಪ ಕ್ಷೇತ್ರದ ಲೇಖನ: ಖರ್ಚಿನ ಲೆಕ್ಕವೂ ಬೇಕು

ಪ್ರಿಯ ಲೇಖಕರೇ,

ಸಮೀಪ ಕ್ಷೇತ್ರದ, ಅಂದರೆ ಆಂಟೆನಾಕ್ಕೆ ಹತ್ತಿರದ ವಲಯದ, ಬೀಮ್‌ಫಾರ್ಮಿಂಗ್‌ನಿಂದ (ಹಲವು ಆಂಟೆನಾಗಳ ಸಂಕೇತಗಳನ್ನು ಹೊಂದಿಸಿ ಶಕ್ತಿಯನ್ನು ಬೇಕಾದೆಡೆಗೆ ಕೂಡಿಸುವ ವಿಧಾನದಿಂದ) ನಿಸ್ತಂತು ಸಂವಹನದಲ್ಲಿ ವಿದ್ಯುತ್ ಉಳಿಸಬಹುದು ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡಬೇಕಾದ ಲೇಖನವೂ ಅದಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮಾಹಿತಿ ಯುಗವನ್ನು ಕೊಂಡಾಡುವ ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಆಂಟೆನಾದಿಂದ ಹೊರಟ ತರಂಗವು ಹತ್ತಿರದಲ್ಲಿ ಗೋಳದ ಮೈಯಂತೆ ಬಾಗಿರುತ್ತದೆ, ದೂರ ಸಾಗಿದಂತೆ ಚಪ್ಪಟೆಯಾಗಿ ತೋರುತ್ತದೆ ಎಂದು ನೀವು ವಿವರಿಸುವ ಮೂರನೆಯ ಪುಟದಲ್ಲಿಯೇ ಲೇಖನದ ನಿಜವಾದ ಆರಂಭವಿದೆ.

ಆದರೆ ‘ಸಮೀಪ’ ಎಂದರೆ ಎಷ್ಟು ದೂರ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ಆಂಟೆನಾದ ಅಗಲದ ವರ್ಗವನ್ನು ಎರಡರಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿದರೆ ಬರುವ ದೂರವನ್ನು ಗಡಿಯೆಂದು ಹಿಡಿಯುವುದು ವಾಡಿಕೆ. ಅರ್ಧ ಮೀಟರ್ ಅಗಲದ ಆಂಟೆನಾಕ್ಕೆ ಈ ಗಡಿ 3 ಗಿಗಾಹರ್ಟ್ಸ್‌ನಲ್ಲಿ ಕೇವಲ 5 ಮೀಟರ್. 28 ಗಿಗಾಹರ್ಟ್ಸ್‌ನಲ್ಲಿ ಸುಮಾರು 47 ಮೀಟರ್. ಹಿಂದೆ ಕಡೆಗಣಿಸಬಹುದಾಗಿದ್ದ ತರಂಗದ ಬಾಗು ಈಗ ಏಕೆ ಮುಖ್ಯವಾಯಿತು ಎಂಬುದು ಈ ಎರಡು ಅಂಕಿಗಳಿಂದಲೇ ಓದುಗರಿಗೆ ಹೊಳೆಯುತ್ತದೆ.

ಇಲ್ಲಿಯೇ ಒಂದು ತಪ್ಪೂ ಇದೆ. 28 ಗಿಗಾಹರ್ಟ್ಸ್‌ನಲ್ಲಿ ಅರ್ಧ ಮೀಟರ್‌ನ ಆಂಟೆನಾದಿಂದ 40 ಮೀಟರ್ ದೂರದ ಬಳಕೆದಾರರ ಸುತ್ತಲಷ್ಟೇ ಶಕ್ತಿಯನ್ನು ಹಿಡಿದಿಡಬಹುದು ಎಂದು ಬರೆದಿದ್ದೀರಿ. ಕಿರಣಕ್ಕೆ ಅಗಲದಲ್ಲಷ್ಟೇ ಅಲ್ಲ, ಆಳದಲ್ಲಿಯೂ (ಅದು ಸಾಗುವ ದಿಕ್ಕಿನಲ್ಲಿಯೂ) ಮಿತಿ ಒದಗುವುದು ಆ ಗಡಿಯ ಸುಮಾರು ಹತ್ತನೆಯ ಒಂದು ಭಾಗದೊಳಗೆ, ಅಂದರೆ ನಿಮ್ಮ ಉದಾಹರಣೆಯಲ್ಲಿ 5 ಮೀಟರ್‌ಗಿಂತ ಕಡಿಮೆ ದೂರದಲ್ಲಿ ಮಾತ್ರ. ಅದರಾಚೆ ಕಿರಣವು ಬಳಕೆದಾರರನ್ನು ದಾಟಿ ಮುಂದಕ್ಕೂ ಚಾಚಿಕೊಂಡಿರುತ್ತದೆ.

ಬಿಸಿಲನ್ನು ಒಂದೆಡೆ ಕೂಡಿಸುವ ಮಸೂರದ ಹೋಲಿಕೆ ನನಗೆ ಇಷ್ಟವಾಯಿತು, ಅದನ್ನು ಉಳಿಸಿಕೊಳ್ಳಿ. ಆದರೆ ಮಸೂರವು ಬೆಳಕನ್ನು ಹೆಚ್ಚಿಸುವುದಿಲ್ಲ ಎಂಬ ಮಾತನ್ನೂ ಅದರ ಜೊತೆಗೇ ಸೇರಿಸಬೇಕು. ಸಂಕೇತಗಳನ್ನು ಒಂದೇ ಫೇಸ್‌ನಲ್ಲಿ, ಅಂದರೆ ಅಲೆಗಳ ಏರಿಳಿತಗಳು ಒಂದಕ್ಕೊಂದು ಹೊಂದುವಂತೆ, ಕೂಡಿಸುವ ಲಾಭ ಆ ಗಡಿಯಾಚೆಯ ದೂರ ಕ್ಷೇತ್ರದಲ್ಲಿಯೂ ಉಂಟು. ಸಮೀಪ ಕ್ಷೇತ್ರದ ವಿಶೇಷವೆಂದರೆ, ಒಂದೇ ದಿಕ್ಕಿನಲ್ಲಿ ಬೇರೆ ಬೇರೆ ದೂರದಲ್ಲಿರುವ ಇಬ್ಬರನ್ನು ಪ್ರತ್ಯೇಕಿಸಿ ಪರಸ್ಪರ ಅಡ್ಡಿಯನ್ನು ತಗ್ಗಿಸಬಹುದು. ಆಗ ಅಷ್ಟೇ ವೇಗವನ್ನು ಕಡಿಮೆ ಪ್ರಸಾರ ಶಕ್ತಿಯಲ್ಲಿ ಒದಗಿಸಲು ಸಾಧ್ಯವಾಗುತ್ತದೆ. ನಿಮ್ಮ ವಾದದ ಜೀವಾಳವಾಗಬೇಕಾದ ಈ ಅಂಶಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು.

ಪ್ರಸಾರದಲ್ಲಿ ಉಳಿತಾಯವಾದ ಶಕ್ತಿಯನ್ನು ಎಣಿಸಿದ ನೀವು ಉಪಕರಣದ ಪೆಟ್ಟಿಗೆಯೊಳಗೆ ಖರ್ಚಾಗುವುದನ್ನು ಬಿಟ್ಟಿರುವುದು ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಂಡಿತು. ನೂರಾರು ಆಂಟೆನಾಗಳಲ್ಲಿ ಪ್ರತಿಯೊಂದಕ್ಕೂ ಆಂಪ್ಲಿಫೈಯರ್ ಮತ್ತು ಡಿಜಿಟಲ್ ಪರಿವರ್ತಕಗಳುಳ್ಳ ಪ್ರತ್ಯೇಕ ರೇಡಿಯೊ ಸರಣಿಯನ್ನು ಜೋಡಿಸಿದರೆ, ಪ್ರಸಾರದಲ್ಲಿ ಉಳಿಸಿದ್ದನ್ನು ಅವೇ ನುಂಗಿಬಿಡಬಹುದು. ಕೆಲವೇ ಸರಣಿಗಳನ್ನು ಫೇಸ್ ಶಿಫ್ಟರ್‌ಗಳ (ಸಂಕೇತದ ಫೇಸ್ ಬದಲಿಸುವ ಬಿಡಿಭಾಗಗಳ) ಮೂಲಕ ಹಲವು ಆಂಟೆನಾಗಳಿಗೆ ಹಂಚುವ ಹೈಬ್ರಿಡ್ ವಿನ್ಯಾಸ ಹುಟ್ಟಲು ಈ ಚಿಂತೆಯೂ ಒಂದು ಕಾರಣ. ಮೇಲಾಗಿ ದಿಕ್ಕಿನ ಜೊತೆಗೆ ದೂರವನ್ನೂ ಅಂದಾಜಿಸಬೇಕಾದ್ದರಿಂದ ಪೈಲಟ್ ಸಂಕೇತಗಳ (ಸಂವಹನದ ಹಾದಿಯನ್ನು ಅಂದಾಜಿಸಲು ಕಳುಹಿಸುವ, ಮೊದಲೇ ಗೊತ್ತಿರುವ ಸಂಕೇತಗಳ) ಹೊರೆ ಹೆಚ್ಚಬಹುದು. ಆದ್ದರಿಂದ ಒಟ್ಟು ಖರ್ಚಿನ ಪ್ರತಿ ಜೂಲ್‌ಗೆ ಎಷ್ಟು ಬಿಟ್‌ಗಳು ತಲುಪಿದವು ಎಂಬ ಅಳತೆಯನ್ನೇ ಲೇಖನದುದ್ದಕ್ಕೂ ಬಳಸಿ.

‘ಕ್ರಾಂತಿ’ ಎಂಬ ಪದ ಹನ್ನೊಂದು ಕಡೆ ಬಂದಿದೆ; ಒಂದೂ ಬೇಡ. ಬಾಗಿದ ತರಂಗ, ಚಪ್ಪಟೆ ತರಂಗಗಳನ್ನು ಅಕ್ಕಪಕ್ಕದಲ್ಲಿ ತೋರಿಸುವ ಒಂದು ರೇಖಾಚಿತ್ರವನ್ನು ಸೇರಿಸಿ, ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ.

ಇತಿ,
ಸಂಪಾದಕ