ಹಿಮದ ಮೇಲಿನ ನೀಲಿ ನೆರಳು

ಪ್ರಶ್ನೆ: ಫ್ರೆಂಚ್ ಚಿತ್ರಕಲಾವಿದ ಕ್ಲೋದ್ ಮೊನೆಯವರ 'ಮ್ಯಾಗ್‌ಪೈ' ಚಿತ್ರದ ಮುದ್ರಿತ ಪ್ರತಿ ನಮ್ಮ ಪಡಸಾಲೆಯಲ್ಲಿದೆ. ಹಿಮ ಕವಿದ ಹಳ್ಳಿಯ ಆ ದೃಶ್ಯದಲ್ಲಿ ಬೇಲಿಯ ನೆರಳು ನೀಲಿಯಾಗಿದೆ. ಇದು ಅಚ್ಚಿನ ದೋಷವೋ, ಕಲಾವಿದರ ಕಲ್ಪನೆಯೋ? ಹಿಮವನ್ನೇ ಕಾಣದ ನಾವು ಇದನ್ನು ಹೇಗೆ ಪರೀಕ್ಷಿಸಬಹುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೆರಳಿನ ನೀಲಿ ಅಚ್ಚಿನ ದೋಷವಲ್ಲ, ಅದನ್ನು ಬರೀ ಕಲ್ಪನೆ ಎನ್ನಲೂ ಬರುವುದಿಲ್ಲ. ಮೊನೆ ಈ ಚಿತ್ರವನ್ನು 1868–69ರ ಚಳಿಗಾಲದಲ್ಲಿ, ಫ್ರಾನ್ಸಿನ ನಾರ್ಮಂಡಿಯ ಕಡಲತೀರದ ಊರಾದ ಎತ್ರೆತಾದ ಸಮೀಪದಲ್ಲಿ ಬರೆದರು. ಸೂರ್ಯ ಬೇಲಿಯ ಆಚೆಗಿರುವುದರಿಂದ ನೆರಳು ನೋಡುಗರ ಕಡೆಗೆ ಚಾಚಿದೆ. ನೆರಳಿರುವೆಡೆಗೆ ನೇರ ಬಿಸಿಲು ಬೀಳದಿದ್ದರೂ ಆಕಾಶದ ನೀಲಿ ಬೆಳಕು ಬಿದ್ದೇ ಬೀಳುತ್ತದೆ. ಬಿಳಿಯ ಹಿಮ ತನ್ನ ಮೇಲೆ ಬಿದ್ದ ಬಣ್ಣವನ್ನೇ ಹಿಂದಿರುಗಿಸುತ್ತದೆ. ಆದರೆ ಹಿಮ ಬಿಳಿ, ನೆರಳು ಕಪ್ಪು ಎಂದು ನಮ್ಮ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿರುವುದರಿಂದ ಕಣ್ಣೆದುರಿನ ನೀಲಿ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಪರೀಕ್ಷಿಸಲು ನಾರ್ಮಂಡಿಗೆ ಹೋಗಬೇಕಿಲ್ಲ, ನಿಮ್ಮ ಮಾಳಿಗೆಯೇ ಸಾಕು. ಜನವರಿಯಲ್ಲಿ ಮೋಡವಿಲ್ಲದ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಓರೆಯಾಗಿರುವಾಗ, ಒಗೆದ ಬಿಳಿ ಪಂಚೆಯೊಂದನ್ನು ಬಣ್ಣದ ಗೋಡೆಗಳಿಂದ ದೂರದಲ್ಲಿ ಹರವಿ, ಅದರ ಮೇಲೆ ಒಂದು ಕೋಲಿನ ನೆರಳು ಬೀಳುವಂತೆ ಮಾಡಿ. (ಪಂಚೆಗೆ ನೀಲಿ ಹಾಕಿರಬಾರದು, ಹಾಕಿದ್ದರೆ ಪರೀಕ್ಷೆಯೇ ಕೆಟ್ಟಂತೆ.) ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ಕಣ್ಣು ಮುಚ್ಚಿ, ಮೊದಲು ಬಿಸಿಲು ಬಿದ್ದ ಬಟ್ಟೆಯನ್ನೂ ಆಮೇಲೆ ನೆರಳನ್ನೂ ಅದರ ಮೂಲಕ ನೋಡಿದರೆ, ಒಂದು ಹಳದಿಗೆ, ಇನ್ನೊಂದು ನೀಲಿಗೆ ವಾಲಿರುವುದು ತಿಳಿಯುತ್ತದೆ.

ಇಷ್ಟು ಸರಳವಾದ ಸತ್ಯವನ್ನು ಪ್ಯಾರಿಸ್ಸಿನ ಪಂಡಿತರು ಆಗ ಸುಲಭವಾಗಿ ಒಪ್ಪಲಿಲ್ಲ. ಅಲ್ಲಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ನ 1869ರ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಬೆಳಕಿನ ಕ್ಷಣಕ್ಷಣದ ಬದಲಾವಣೆಯನ್ನು ಚಿತ್ರಿಸಿದ ಮೊನೆ ಮತ್ತು ಸಂಗಡಿಗರ ಪಂಥವಾದ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಅಂದರೆ ಪಂಥಕ್ಕೆ ಹೆಸರು ಬೀಳುವ ಮೊದಲೇ ಅದರ ನೀಲಿ ನೆರಳು ಬಿದ್ದಾಗಿತ್ತು. ಬೇಲಿಯ ಗೇಟಿನ ಮೇಲೆ ಕೂತ ಹಕ್ಕಿಯನ್ನು ನಮ್ಮ ಮಡಿವಾಳ ಹಕ್ಕಿಯೆಂದು ಭಾವಿಸುವವರಿದ್ದಾರೆ. ಕಪ್ಪು-ಬಿಳುಪು ಮೈಬಣ್ಣದ ಹೋಲಿಕೆಯಷ್ಟೇ ನಿಜ. ಚಿತ್ರಕ್ಕೆ ಹೆಸರು ಕೊಟ್ಟ ಆ ಮ್ಯಾಗ್‌ಪೈ ಹಕ್ಕಿ ಕಾಗೆಯ ಕುಟುಂಬಕ್ಕೆ ಸೇರಿದ್ದು, ನಮ್ಮ ಮಟಪಕ್ಷಿಯ ಬಂಧು.

ಮೂಲ ಚಿತ್ರ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ; ಎತ್ತರ 89 ಸೆಂಟಿಮೀಟರ್, ಅಗಲ 130. ಅದರ ಹಿಮದಲ್ಲಿ ಕೆನೆಯ ಬಣ್ಣವಿದೆ, ತೆಳು ಹಳದಿಯಿದೆ, ಅಲ್ಲಲ್ಲಿ ನಸುನೀಲಿಯಿದೆ. ನಿಮ್ಮ ಪ್ರತಿಯಲ್ಲಿ ಬಿಸಿಲು ಬಿದ್ದ ಹಿಮವೂ ಸುಣ್ಣ ಬಳಿದಂತೆ ಒಂದೇ ಬಿಳುಪಾಗಿ ಕಂಡರೆ, ಅಚ್ಚಿನ ದೋಷ ಇರುವುದು ಅಲ್ಲಿ.