ಉಪ್ಪು ಒದ್ದೆ, ಬಾಯಿಗೆ ಕಹಿ: ತೊಳೆದರೆ ಅರ್ಧ ಕರಗಿಹೋಗುತ್ತದೆ

ನೀವು ಕೇಳಿದ್ದು: ಸಮುದ್ರದ ನೀರಿನಿಂದ ತೆಗೆದ ಉಪ್ಪು ಸದಾ ಒದ್ದೆ, ಕಹಿ, ಬಾವಿ ನೀರಲ್ಲಿ ತೊಳೆದರೆ ವಿಪರೀತ ನಷ್ಟ.

ಬಾವಿ ನೀರು ಬೇಡವೇ ಬೇಡ ಸರ್. 100 ಲೀಟರ್ ಸಿಹಿನೀರು ಸುಮಾರು 36 ಕೆ.ಜಿ. ಉಪ್ಪನ್ನು ನುಂಗುತ್ತದೆ. ಕಹಿ, ಒದ್ದೆ ಎರಡಕ್ಕೂ ಕಾರಣ ಮೆಗ್ನೀಸಿಯಂ ಕ್ಲೋರೈಡ್. ಅದನ್ನು ತಡೆಯಬೇಕಾದ್ದು ಉಪ್ಪು ಬೆಳೆಯುವ ಆಗರದಲ್ಲೇ.

ನೀರು ಎಷ್ಟು ಗಟ್ಟಿ (ಸಾಂದ್ರ) ಎಂದು ಡಿಗ್ರಿಯಲ್ಲಿ ತೋರಿಸುವ ಬೋಮೆ ಮಾಪಕ ಒಂದಿದ್ದರೆ ಸಾಕು. ಸಮುದ್ರದ ನೀರು 3 ಡಿಗ್ರಿಯ ಆಸುಪಾಸು ಇರುತ್ತದೆ. ಸುಮಾರು 13ರಿಂದ ಜಿಪ್ಸಂ ಇಳಿಯಲು ಶುರು. ಅದು ಉಪ್ಪಿನ ಮಡಿಗೆ ಬರುವ ಮೊದಲು ನೀರು ನಿಲ್ಲುವ ಹಿಂದಿನ ಕಟ್ಟೆಗಳಲ್ಲೇ ಕೂರಲಿ. 25 ಆಗುವ ಮೊದಲು ಉಪ್ಪಿನ ಮಡಿಗೆ ನೀರು ಬಿಟ್ಟರೆ ಜಿಪ್ಸಂ ಉಪ್ಪಿನ ಜೊತೆಗೇ ಬೀಳುತ್ತದೆ. 29 ಮುಟ್ಟಿದ ಕೂಡಲೇ, ಉಪ್ಪು ಕೂತ ಮೇಲೆ ಉಳಿದ ಮೆಗ್ನೀಸಿಯಂ ತುಂಬಿದ ಕಹಿನೀರನ್ನು ಪೂರ್ತಿ ಹೊರಗೆ ಬಿಡಿ. ಬಹಳ ಮಂದಿ ಎಡವುವುದು ಇಲ್ಲೇ: ಇನ್ನೊಂದು ಬುಟ್ಟಿ ಸಿಗಲಿ ಎಂದು ಕಾಯುತ್ತಾರೆ, ಅಥವಾ ಅದೇ ಕಹಿನೀರಿನ ಮೇಲೆ ಹೊಸ ನೀರು ಹಾಯಿಸುತ್ತಾರೆ. ಮಧ್ಯಾಹ್ನದ ಬಿಸಿ ನೀರಲ್ಲಿ ಮಾಪಕ ಕಡಿಮೆ ತೋರಿಸುತ್ತದೆ, ಹಾಗಾಗಿ ಲೋಟದಲ್ಲಿ ಆರಿಸಿ ನೋಡಿ.

ತೊಳೆಯಲು ಇದೇ 25ರ ಹೊಸ ನೀರು ಬಳಸಿ. ಅದರಲ್ಲಿ ಉಪ್ಪು ಆಗಲೇ ತುಂಬಿರುವುದರಿಂದ ಹರಳು ಕರಗುವುದಿಲ್ಲ, ಮೈಗಂಟಿದ ಕಹಿನೀರು ಮಾತ್ರ ಹೋಗುತ್ತದೆ. ಹರಳಿನ ಒಳಗೆ ಸಿಕ್ಕಿಕೊಂಡದ್ದು ಹೋಗಬೇಕಾದರೆ ದಪ್ಪ ಹರಳನ್ನು ಒಡೆದೇ ತೊಳೆಯಬೇಕು. ಆಮೇಲೆ ಇಳಿಜಾರು ಕಟ್ಟೆಯ ಮೇಲೆ ರಾಶಿ ಹಾಕಿ. ಬುಡದಿಂದ ಜಿನುಗುವ ನೀರು ಮತ್ತೆ ಮಡಿಗೆ ಸೇರದಿರಲಿ.