ಚದುರಿದ ಅಲೆಗಳಿಂದ ಚಿತ್ರ ಕಟ್ಟುವ ಕೆಲಸ

ಪ್ರಶ್ನೆ: ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಗಣಕ ಮಾದರಿಗಳಲ್ಲಿ ಆಸಕ್ತಿಯಿರುವುದರಿಂದ ಮೈಕ್ರೋವೇವ್ ಚಿತ್ರಣದಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ. ಆಹಾರ ಬಿಸಿಮಾಡುವ ಅಲೆಗಳಿಂದ ದೇಹದೊಳಗಿನ ಚಿತ್ರ ಹೇಗೆ ಸಿಗುತ್ತದೆ? ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುವಾಗ ಭೌತವಿಜ್ಞಾನಿಗೆ ಉಳಿಯುವ ಕೆಲಸವೇನು?

ಉತ್ತರ: ಬಿಸಿಯಾಗುವ ಭಯ ಬೇಡ. ಮೈಕ್ರೋವೇವ್ ಒಲೆ ನೂರಾರು ವಾಟ್ ಶಕ್ತಿ ಬಳಸಿದರೆ, ಚಿತ್ರಣಕ್ಕೆ ಮಿಲಿವಾಟ್‌ಗಳ ಮಟ್ಟದ ಶಕ್ತಿ ಸಾಕು.

ಕ್ಷ-ಕಿರಣ ದೇಹದ ಮೂಲಕ ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಅದರ ನೆರಳೇ ಚಿತ್ರವಾಗುತ್ತದೆ. ಮೈಕ್ರೋವೇವ್ ಹಾಗಲ್ಲ. 3 ಗಿಗಾಹರ್ಟ್ಸ್ ಆವರ್ತನದ ಅಲೆಯ ಉದ್ದ ಗಾಳಿಯಲ್ಲಿ 10 ಸೆಂಟಿಮೀಟರ್ ಇದ್ದು, ಸ್ನಾಯುವಿನೊಳಗೆ ಸುಮಾರು ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಹುಡುಕುವ ಗಡ್ಡೆಯೂ (ಸ್ತನ ಕ್ಯಾನ್ಸರಿನದು ಎನ್ನಿ) ಹೆಚ್ಚುಕಡಿಮೆ ಅದೇ ಗಾತ್ರದ್ದಾದಾಗ ಅಲೆ ಅದನ್ನು ಸುತ್ತಿ, ಬಾಗಿ, ಎಲ್ಲ ದಿಕ್ಕಿಗೂ ಚದುರುತ್ತದೆ. ಸುತ್ತಲಿನ ಆಂಟೆನಾಗಳು ಅಳೆಯುವುದು ಈ ಚದುರಿದ ಅಲೆಯನ್ನೇ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆಂದು ಹೇಳುವ ಸಂಖ್ಯೆಯೇ ಸಾಪೇಕ್ಷ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು 80ರ ಆಸುಪಾಸಿನಲ್ಲಿದ್ದರೆ ಕೊಬ್ಬಿನದು 5ರ ಹತ್ತಿರ; ಆದ್ದರಿಂದ ಗಡ್ಡೆಯಂಥ, ನೀರಿನಂಶ ಹೆಚ್ಚಿರುವ ಅಂಗಾಂಶ ಕೊಬ್ಬಿನ ನಡುವೆ ಎದ್ದು ಕಾಣಬೇಕು ಎಂಬುದು ಈ ವಿಧಾನದ ಬುನಾದಿ.

ಒಳರಚನೆ ಗೊತ್ತಿದ್ದರೆ ಅಲೆ ಹೇಗೆ ಚದುರುತ್ತದೆಂದು, ವಿದ್ಯುತ್ಕಾಂತೀಯ ಅಲೆಗಳ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಲೆಕ್ಕ ಹಾಕಬಹುದು. ಈ ಲೆಕ್ಕಕ್ಕೆ ಕೇನ್ ಯೀ ಎಂಬ ಸಂಶೋಧಕರು 1966ರಲ್ಲಿ ಸೂಚಿಸಿದ, ಜಾಗವನ್ನೂ ಕಾಲವನ್ನೂ ಸಣ್ಣ ಮನೆಗಳಾಗಿ ಸೀಳುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೂರು ಆಯಾಮಗಳಲ್ಲಿ ಮನೆಯ ಅಳತೆಯನ್ನು ಅರ್ಧಕ್ಕಿಳಿಸಿದರೆ ಮನೆಗಳು ಎಂಟು ಪಟ್ಟಾಗುತ್ತವೆ, ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಲೆಕ್ಕ ಹದಿನಾರು ಪಟ್ಟು ಬೆಳೆಯುತ್ತದೆ. ಆದರೂ ಇದು ಸುಲಭದ ಭಾಗ.

ಕಷ್ಟವಿರುವುದು ಚದುರಿದ ಅಲೆಯಿಂದ ಒಳರಚನೆಗೆ ಹಿಮ್ಮುಖವಾಗಿ ಹೋಗುವಲ್ಲಿ. ಬೇರೆ ಬೇರೆ ಒಳರಚನೆಗಳು ಬಹುತೇಕ ಒಂದೇ ಅಳತೆಗಳನ್ನು ಕೊಡಬಲ್ಲವು, ಅಳತೆಯಲ್ಲಿನ ಕಿಂಚಿತ್ ಗದ್ದಲವೂ (ಅಡ್ಡಾದಿಡ್ಡಿ ಏರಿಳಿತವೂ) ಚಿತ್ರವನ್ನು ಕೆಡಿಸಬಲ್ಲದು. ಹೀಗಾಗಿ ಯಾವ ಉತ್ತರ ನಂಬಲರ್ಹವೆಂದು ನಿರ್ಧರಿಸುವ ನಿರ್ಬಂಧಗಳನ್ನು ಹೊರಗಿನಿಂದ ಹೇರಬೇಕು. ಯಾವ ನಿರ್ಬಂಧ, ಎಷ್ಟು ಬಿಗಿ ಎಂಬುದನ್ನು ಕಂಪ್ಯೂಟರ್ ತಾನಾಗಿ ಹೇಳುವುದಿಲ್ಲ; ನನ್ನ ದೃಷ್ಟಿಯಲ್ಲಿ ಭೌತವಿಜ್ಞಾನಿಯ ನಿಜವಾದ ಕೆಲಸ ಅಲ್ಲಿದೆ.

ಇಲ್ಲಿ ಆತ್ಮವಂಚನೆಗೂ ದಾರಿಯುಂಟು. ಯಾವ ಮಾದರಿಯಿಂದ ಕೃತಕ ದತ್ತಾಂಶ ಹುಟ್ಟಿಸಿದಿರೋ ಅದೇ ಮಾದರಿಯಿಂದ ಚಿತ್ರ ಮರಳಿ ಕಟ್ಟಿದರೆ ಫಲಿತಾಂಶ ಸೊಗಸಾಗಿಯೇ ಬರುತ್ತದೆ, ಏಕೆಂದರೆ ಮಾದರಿಯ ದೋಷ ಎರಡೂ ಕಡೆ ಒಂದೇ ಆಗಿ ಮರೆಯಾಗುತ್ತದೆ. ದೇಹವನ್ನು ಹೋಲುವ ಕೃತಕ ಪ್ರತಿರೂಪಗಳ ಮೇಲೆ ನಿಜವಾದ ಆಂಟೆನಾಗಳಿಂದ ಅಳೆದಾಗಷ್ಟೇ ಕೊರತೆ ಹೊರಬೀಳುತ್ತದೆ. ಅಂಗಾಂಶವೂ ಅಷ್ಟು ಸರಳವಲ್ಲ: 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಸ್ತನದ ಕೊಬ್ಬಿಗೂ ಕ್ಯಾನ್ಸರ್ ಅಂಗಾಂಶಕ್ಕೂ ಡೈಎಲೆಕ್ಟ್ರಿಕ್ ಗುಣದಲ್ಲಿ ಹತ್ತು ಪಟ್ಟಿನವರೆಗೆ ವ್ಯತ್ಯಾಸ ಕಂಡರೂ, ಹಾಲು ಉತ್ಪಾದಿಸುವ ಗ್ರಂಥಿ ಅಂಗಾಂಶಕ್ಕೂ ಕ್ಯಾನ್ಸರಿಗೂ ಇದ್ದ ಅಂತರ ಶೇಕಡ 10ರಷ್ಟು ಮಾತ್ರವಾಗಿತ್ತು.

ನೀವು ಆರಂಭಿಸುವುದಾದರೆ ದೇಹದ ಮಾದರಿಯನ್ನು ಬದಿಗಿಟ್ಟು, ಒಂದೇ ವಸ್ತುವಿನಿಂದಾದ ವೃತ್ತಾಕಾರದ ಸಿಲಿಂಡರನ್ನು ತೆಗೆದುಕೊಳ್ಳಿ. ಅದರಿಂದ ಅಲೆ ಚದುರುವ ಬಗೆಗೆ ನಿಖರವಾದ ಗಣಿತೀಯ ಉತ್ತರವಿದೆ; ನಿಮ್ಮ ಪ್ರೋಗ್ರಾಂ ಅದಕ್ಕೆ ತಾಳೆಯಾಗುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.